ಹಿಟ್ಟಿನ ಕೋಳಿ, ಅಗ್ರಹಾರದ ಇಲಿ, ಚೋಮನ ಎತ್ತು

ಉಜ್ಜಯಿನಿಯ ರಾಜ ಯಶೋಧರ ಕಡಿದದ್ದು ಹಿಟ್ಟಿನ ಕೋಳಿಯನ್ನು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ ಇದು. ಹೆಂಡತಿ ಅಮೃತಮತಿ ಮಾವಟಿಗನಿಗೆ ಒಲಿದದ್ದನ್ನು ರಾಜ ಕಣ್ಣಾರೆ ಕಾಣುತ್ತಾನೆ. ಕಂಡದ್ದನ್ನು ಬಾಯಿಬಿಟ್ಟು ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ತಾಯಿ ಚಂದ್ರಮತಿಯ ಮುಂದೆ ಹೇಳುತ್ತಾನೆ. ಚಂಡಮಾರಿಗೆ ಬಲಿ ಕೊಡು ಎಂಬುದು ತಾಯಿಯ ಪರಿಹಾರ. ಮಗ ಜೀವ ತೆಗೆಯಲು ಒಪ್ಪುವುದಿಲ್ಲ. ಕೊನೆಗೆ ತಾಯಿಮಗ ಕಂಡುಕೊಂಡ ನಡುದಾರಿಯೇ ಹಿಟ್ಟಿನಲ್ಲಿ ಮಾಡಿದ ಕೋಳಿ. ಕತ್ತಿ ಬಿದ್ದ ಗಳಿಗೆಯಲ್ಲಿ ಆ ಕೋಳಿ ಕೂಗಿಬಿಡುತ್ತದೆ. ಅಲ್ಲಿಂದ ಮುಂದೆ ತಾಯಿಮಗ ನವಿಲು, ನಾಯಿ, ಮೀನು, ಆಡು, ಕೋಣ, ಕೋಳಿ ಎಂದು ಜನ್ಮಜನ್ಮಾಂತರ ಅಲೆಯಬೇಕಾಗುತ್ತದೆ.

ಪ್ರಾಣಿಯನ್ನು ಸಂಕೇತವಾಗಿ ಬಳಸುವುದರ ಬಗ್ಗೆ ಕನ್ನಡದಲ್ಲಿ ಇದಕ್ಕಿಂತ ಹರಿತವಾದ ಕಥೆ ಇನ್ನೊಂದಿಲ್ಲ. ಕೊಲ್ಲುವ ಸಂಕಲ್ಪ ಮಾಡಿದರೇ ಕೊಂದಂತೆ ಎಂಬ ಜೈನ ವಿಚಾರಕ್ಕೆ ಜನ್ನ ರಕ್ತಮಾಂಸ ತುಂಬಿದ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಬರೆದಾಗ ಅದೇ ಕತ್ತಿಯನ್ನು ಮತ್ತೆ ಮಸೆದರು. ಜೀವವಿಲ್ಲದ ಆಕಾರವನ್ನು ಮುಂದಿಟ್ಟುಕೊಂಡು ಹೊಣೆಯಿಂದ ಜಾರಿಕೊಳ್ಳಬಹುದೆಂದು ಯಶೋಧರ ಎಣಿಸಿದ. ಆಕಾರದೊಳಗಿಂದ ಕೋಳಿಯೇ ಕೂಗಿತು. ಕಾದಂಬರಿಯಲ್ಲಿ ಬರುವ ಪ್ರಾಣಿಯ ವಿಷಯದಲ್ಲೂ ಓದುಗ ಈ ಕೂಗಿಗೆ ಕಿವಿಗೊಡಬೇಕು ಎಂಬುದೇ ಈ ಉಪನ್ಯಾಸದ ವಾದ.

ದತ್ತಿ ಉಪನ್ಯಾಸಕ್ಕೆ ಇದು ಸಣ್ಣ ವಿಷಯವೆನಿಸಬಹುದು. ಆದರೆ ತರಗತಿಯಲ್ಲಿ ಸಾಹಿತ್ಯ ಬದುಕುವುದೂ ಸಾಯುವುದೂ ಇಂಥ ಸಣ್ಣ ವಿಷಯಗಳಲ್ಲೇ. ಬೆಂಗಳೂರಿನ ಗೊಟ್ಟಿಗೆರೆಯಲ್ಲೋ ಜೆ.ಪಿ. ನಗರದಲ್ಲೋ ಓದುವ ಪದವಿ ವಿದ್ಯಾರ್ಥಿಗೆ ‘ಕಾದಂಬರಿಯಲ್ಲಿ ಪ್ರಾಣಿ ಸಂಕೇತ’ ಎಂಬ ವಿಷಯ ಕೊಟ್ಟು, ಹತ್ತು ನಿಮಿಷ ಸೆಮಿನಾರ್ ಕೊಡು ಎಂದರೆ ಸ್ಲೈಡು ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ. ಎಡಗಡೆ ಪ್ರಾಣಿ, ಬಲಗಡೆ ಅರ್ಥ, ನಡುವೆ ಸಮಚಿಹ್ನೆ. ನಾಯಿ ಎಂದರೆ ನಿಷ್ಠೆ. ರಣಹದ್ದು ಎಂದರೆ ಸಾವು. ಹಸು ಎಂದರೆ ತಾಯ್ತನ. ಇಲಿ ಎಂದರೆ ಕೊಳೆತ ಸಮಾಜ. ಇಂಟರ್ನಲ್ ಅಂಕ ಬರುತ್ತದೆ, ಕಾದಂಬರಿ ಹೋಗುತ್ತದೆ. ಆ ನಾಯಿಗೆ ಯಾರು ಅನ್ನ ಹಾಕಿದರು, ಆ ಹಸು ಯಾರ ಕೊಟ್ಟಿಗೆಯದು, ಆ ಹದ್ದು ಅಲ್ಲಿಗೇ ಏಕೆ ಬಂತು ಎಂಬ ಪ್ರಶ್ನೆಗಳಿಗೆ ಸ್ಲೈಡಿನಲ್ಲಿ ಜಾಗವಿರುವುದಿಲ್ಲ. ಒಳ್ಳೆಯ ಕಾದಂಬರಿಕಾರ ಅರ್ಧದಷ್ಟು ಕಥೆಯನ್ನು ಆ ಪ್ರಶ್ನೆಗಳ ಉತ್ತರದಲ್ಲಿಯೇ ಹುದುಗಿಸಿಟ್ಟಿರುತ್ತಾನೆ.

ಮೊದಲಿಗೆ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’. 1965ರಲ್ಲಿ ಬಂದ, ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದ ಈ ಪುಟ್ಟ ಕಾದಂಬರಿಯಲ್ಲಿರುವಷ್ಟು ಪ್ರಾಣಿಗಳು ಅದರ ಎರಡರಷ್ಟು ದಪ್ಪದ ಪುಸ್ತಕಗಳಲ್ಲೂ ಸಿಗುವುದಿಲ್ಲ. ಗಣಪತಿ ದೇವಸ್ಥಾನದ ಹೊಂಡದ ಮೀನು, ಗಿರಗಿರನೆ ಸುತ್ತಿ ಸಾಯುವ ಇಲಿ, ಮಾಡಿನ ಮೇಲೆ ಕೂತ ರಣಹದ್ದು, ಮೇಳಿಗೆಯ ತೇರಿನ ಹೊತ್ತಿನ ಹುಂಜದ ಅಂಕ. ಸೆಮಿನಾರಿಗೆ ವಿದ್ಯಾರ್ಥಿಗಳು ಈ ಕಾದಂಬರಿಯನ್ನೇ ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಸಮಚಿಹ್ನೆಯ ಓದು ಅತಿ ಹೆಚ್ಚು ಮುಗ್ಗರಿಸುವುದೂ ಇಲ್ಲಿಯೇ.

ಕಥೆಯ ಮೊದಲ ಎಳೆಯನ್ನು ಹಿಡಿದು ನೋಡಬೇಕು. ದೂರ್ವಾಸಪುರದ ಅಗ್ರಹಾರದ ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಬಂದವನು ಜ್ವರ ಹಿಡಿದು ಸಾಯುತ್ತಾನೆ. ಬ್ರಾಹ್ಮಣ್ಯ ಬಿಟ್ಟವನ ಶವಸಂಸ್ಕಾರ ಯಾರು ಮಾಡಬೇಕೆಂದು ತಿಳಿಯದೆ ಇಡೀ ಅಗ್ರಹಾರ ಉಪವಾಸ ಕೂರುತ್ತದೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಓಲೆಗರಿ ತಿರುವುತ್ತಾರೆ, ಮಾರುತಿಯ ಮುಂದೆ ಅಪ್ಪಣೆಗೆ ಕಾಯುತ್ತಾರೆ. ಅಷ್ಟರಲ್ಲಿ ಇಲಿಗಳು ಬೀಳತೊಡಗುತ್ತವೆ, ರಣಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಜಾಗಟೆ ಬಾರಿಸಿ, ಶಂಖ ಊದಿ ಅವನ್ನು ಓಡಿಸುತ್ತಾರೆ. ನಾತಕ್ಕೂ ಹದ್ದಿಗೂ ಇಲಿಗೂ ಅಗ್ರಹಾರದವರು ಕಾರಣ ಹುಡುಕುವುದು ನಾರಣಪ್ಪನ ಸುಡದ ಹೆಣದಲ್ಲಿ. ಆ ಹೆಣವನ್ನು ನಾರಣಪ್ಪನ ಸಂಗಾತಿ ಚಂದ್ರಿ ಮುಸ್ಲಿಮನೊಬ್ಬನ ನೆರವಿನಿಂದ ರಾತ್ರೋರಾತ್ರಿ ಸುಟ್ಟು ಬೂದಿ ಮಾಡಿ ಆಗಿರುತ್ತದೆ. ಇಲ್ಲದ ಹೆಣದ ಸುತ್ತ ಶಾಸ್ತ್ರ ಕಾವಲು ಕೂತಿದೆ, ಇರುವ ಇಲಿಯ ಕಡೆಗೆ ಯಾರೂ ನೋಡುತ್ತಿಲ್ಲ.

ಅಂದರೆ ಈ ಕಾದಂಬರಿಯೊಳಗೆ ಪ್ರಾಣಿಗಳನ್ನು ಸಂಕೇತವಾಗಿ ಓದುವವರು ಮೊದಲೇ ಇದ್ದಾರೆ. ಅವರೇ ಅಗ್ರಹಾರದ ಬ್ರಾಹ್ಮಣರು. ಅವರಿಗೆ ಇಲಿ ಅಪಶಕುನ, ಹದ್ದು ಅಪಶಕುನ, ಎರಡೂ ಅಧರ್ಮದ ಫಲ. ಓದು ತಪ್ಪಿದ್ದಕ್ಕೆ ಅವರು ಜೀವ ತೆರುತ್ತಾರೆ. ಪ್ಲೇಗು ಎಂಬ ಮಾತು ಬಾಯಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅಗ್ರಹಾರದಾಚೆ ದಲಿತ ಹುಡುಗಿ ಬೆಳ್ಳಿಯ ಕೇರಿಯಲ್ಲೂ ಸಾವು ಬರುತ್ತದೆ, ಸತ್ತವರನ್ನು ಗುಡಿಸಲಿನ ಸಮೇತ ಸುಡಲಾಗುತ್ತದೆ. ಆ ಸಾವುಗಳ ಲೆಕ್ಕ ಅಗ್ರಹಾರಕ್ಕೆ ತಲುಪುವುದೇ ಇಲ್ಲ. ‘ಇಲಿ ಎಂದರೆ ಕೊಳೆತ ಸಮಾಜ’ ಎಂದು ಸ್ಲೈಡಿನಲ್ಲಿ ಬರೆದ ವಿದ್ಯಾರ್ಥಿ ತನಗರಿವಿಲ್ಲದೆ ಅಗ್ರಹಾರದವರ ಸಾಲಿನಲ್ಲಿ ಹೋಗಿ ಕೂತಿರುತ್ತಾನೆ. ಅನಂತಮೂರ್ತಿಯವರು ಓದುಗನಿಗೆ ಒಡ್ಡಿದ ಪರೀಕ್ಷೆ ಇದೇ ಇರಬೇಕು. ಶಿವಮೊಗ್ಗದಿಂದ ಬಂದ ಜ್ವರವನ್ನೂ ಬೀಳುವ ಇಲಿಯನ್ನೂ ಒಟ್ಟಿಗೆ ನೋಡಬಲ್ಲವನಿಗೆ ಆಚಾರ್ಯರಿಗಿಂತ ಮೊದಲೇ ವಿಷಯ ತಿಳಿದಿರುತ್ತದೆ.

ಹಾಗೆ ತಿಳಿಯಬೇಕಾದರೆ ಇಲಿಯ ಬಗ್ಗೆ ಒಂದಿಷ್ಟು ಗೊತ್ತಿರಬೇಕು. ಪ್ಲೇಗಿನ ಬ್ಯಾಕ್ಟೀರಿಯವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ಅದನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಇಲಿ ಸತ್ತು ಮೈ ತಣ್ಣಗಾದೊಡನೆ ಅದರ ಮೈಮೇಲಿನ ಚಿಗಟಗಳು ಬೆಚ್ಚಗಿನ ಇನ್ನೊಂದು ಮೈ ಹುಡುಕಿ ಹೊರಡುತ್ತವೆ. ಹಾಗಾಗಿ ಮನುಷ್ಯರ ಸಾವಿಗೆ ಮೊದಲು ಇಲಿಗಳ ಸಾವು ಬರುತ್ತದೆ. ಹಳೆಯ ಮೈಸೂರು ಸೀಮೆಯ ಹಳ್ಳಿಗರಿಗೆ ಚಿಗಟದ ಶಾಸ್ತ್ರ ಗೊತ್ತಿರಲಿಲ್ಲ, ಇಲಿ ಬಿದ್ದರೆ ಊರು ಬಿಡಬೇಕೆಂಬುದು ಗೊತ್ತಿತ್ತು. ಮನೆಗೆ ಬೀಗ ಜಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದ ಕಥೆಗಳು ಎಷ್ಟೋ ಮನೆತನಗಳ ನೆನಪಿನಲ್ಲಿವೆ. ದೂರ್ವಾಸಪುರದವರು ಊರು ಬಿಡದೆ ಕೂತದ್ದು ಹೆಣದ ದೆಸೆಯಿಂದ. ಕಾದಂಬರಿಯ ಕಟ್ಟು ಎಷ್ಟು ಬಿಗಿಯಾಗಿದೆ ಎಂಬುದು ಇಲಿಯನ್ನು ಇಲಿಯಾಗಿಯೇ ನೋಡಿದಾಗ ಕಾಣುತ್ತದೆ.

ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿಗೆ ಈ ಇಲಿ ದೂರದ್ದೇನಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಬೇಕೆಂಬ ಯೋಚನೆಯ ಬೆನ್ನಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದವು. ಬಸವನಗುಡಿಯ ಅಗಲ ರಸ್ತೆಗಳಲ್ಲಿ ಓಡಾಡುವವರು ಒಂದು ರೀತಿಯಲ್ಲಿ ಇಲಿ ಬಿದ್ದ ವರ್ಷದ ನಕ್ಷೆಯ ಮೇಲೆ ಓಡಾಡುತ್ತಿದ್ದಾರೆ. ಪ್ಲೇಗಮ್ಮನ ಹೆಸರಿನ ಗುಡಿಗಳು ನಗರದಲ್ಲಿ ಇಂದಿಗೂ ಇವೆ. ಸೆಮಿನಾರಿಗೆ ಇಷ್ಟನ್ನು ಹೊಂದಿಸಿಕೊಂಡ ವಿದ್ಯಾರ್ಥಿ ಇಲಿಗೆ ಅರ್ಥ ಹಚ್ಚುವ ಮೊದಲು ಅರೆಗಳಿಗೆ ತಡೆದು ಯೋಚಿಸುತ್ತಾನೆ.

ಅನಂತಮೂರ್ತಿ ಈ ಕಾದಂಬರಿ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಇಂಗ್ಮರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದ್ದು ತನ್ನನ್ನು ಬರವಣಿಗೆಗೆ ಹಚ್ಚಿತೆಂದು ಅವರೇ ಹೇಳಿಕೊಂಡಿದ್ದಾರೆ. ಅದೂ ಪ್ಲೇಗಿನ ಕಾಲದ ಕಥೆ. ಆಲ್ಬರ್ಟ್ ಕಮೂ 1947ರಲ್ಲಿ ಬರೆದ ‘ದಿ ಪ್ಲೇಗ್’ ಕಾದಂಬರಿಯೂ ಶುರುವಾಗುವುದು ಡಾಕ್ಟರ್ ರಿಯು ಮೆಟ್ಟಿಲ ಬಳಿ ಸತ್ತ ಇಲಿಯನ್ನು ತುಳಿಯುವುದರಿಂದ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಅಲ್ಜೀರಿಯದ ಒರಾನ್ ಪಟ್ಟಣದಲ್ಲಿ ರೋಗದ ಹೆಸರು ಹೇಳಲು ಹಿಂಜರಿಯುವವರು ಅಧಿಕಾರಿಗಳು, ದೂರ್ವಾಸಪುರದಲ್ಲಿ ರೋಗದ ಹೆಸರು ಹೊಳೆಯದವರು ಪಂಡಿತರು. ಕಮೂನ ಇಲಿ ಆಡಳಿತದ ಕಡೆಗೆ ಬೆರಳು ತೋರಿಸುತ್ತದೆ, ಅನಂತಮೂರ್ತಿಯವರ ಇಲಿ ಓದಿನ ಕಡೆಗೆ. ಎರಡಕ್ಕೂ ಒಂದೇ ಅರ್ಥ ಹಚ್ಚಿದರೆ ಎರಡೂ ಕಾದಂಬರಿ ಕೈತಪ್ಪುತ್ತವೆ.

ರಣಹದ್ದಿನ ಕಥೆ ಬೇರೆಯೇ. ‘ಸಂಸ್ಕಾರ’ ಬಂದ ಕಾಲದ ಓದುಗನಿಗೆ ರಣಹದ್ದು ಗೊತ್ತಿದ್ದ ಹಕ್ಕಿ. ಊರಾಚೆ ಸತ್ತ ದನದ ಮೇಲೆ ಗುಂಪಾಗಿ ಇಳಿಯುತ್ತಿತ್ತು. ಅದು ಮನೆಯ ಮಾಡಿಗೆ ಬಂದು ಕೂತರೆ ಜನ ಬೆಚ್ಚುತ್ತಿದ್ದದ್ದು, ಊರಾಚೆ ಇರಬೇಕಾದದ್ದು ಊರೊಳಗೆ ಬಂತಲ್ಲ ಎಂದು. ಇಂದಿನ ವಿದ್ಯಾರ್ಥಿಗೆ ಈ ಬೆಚ್ಚುವಿಕೆ ತಲುಪುವುದು ಕಷ್ಟ, ಏಕೆಂದರೆ ಹಕ್ಕಿಯೇ ಇಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ, ಆ ದನ ಸತ್ತ ಮೇಲೆ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99.9ರಷ್ಟು ಅಳಿದುಹೋದವೆಂದು ಸಮೀಕ್ಷೆಗಳು ಕಂಡುಕೊಂಡವು. ಕಾರಣ ಗೊತ್ತಾದದ್ದು 2004ರಲ್ಲಿ, ದನಗಳಿಗೆ ಆ ಔಷಧವನ್ನು ಸರ್ಕಾರ ನಿಷೇಧಿಸಿದ್ದು 2006ರಲ್ಲಿ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಗೊಟ್ಟಿಗೆರೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ಹೆದ್ದಾರಿ ಸೇರಿದರೆ ಆ ಬೆಟ್ಟ ಹತ್ತಿರವೇ. ಅಲ್ಲಿ ಬಂಡೆಗಳ ಮೇಲೆ ಉಳಿದಿರುವ ಬೆರಳೆಣಿಕೆಯ ಹದ್ದುಗಳನ್ನು ದೂರದರ್ಶಕದಲ್ಲಿ ನೋಡಿ ಬಂದವರಿಗೆ ಅನಂತಮೂರ್ತಿಯವರ ಪುಟ ಬೇರೆ ಥರ ಓದಿಸಿಕೊಳ್ಳುತ್ತದೆ. ಹದ್ದು ಎಂದರೆ ಸಾವು ಎಂದು ಬರೆಯುವ ತಲೆಮಾರು ಹದ್ದಿನದೇ ಸಾವಿನ ನಡುವೆ ಹುಟ್ಟಿದ್ದು.

ಇನ್ನು ಹೊಂಡದ ಮೀನು. ದೇವರ ಮೀನು, ಮುಟ್ಟಿದರೆ ಕೇಡು ಎಂಬ ನಂಬಿಕೆಯಲ್ಲಿ ಕೊಬ್ಬಿ ಬೆಳೆದವುಗಳನ್ನು ನಾರಣಪ್ಪ ಮುಸ್ಲಿಂ ಗೆಳೆಯರೊಂದಿಗೆ ಹಿಡಿದು ತಿನ್ನುತ್ತಾನೆ. ಏನೂ ಆಗುವುದಿಲ್ಲ. ಅಗ್ರಹಾರ ಬೆದರುವುದು ಈ ‘ಏನೂ ಆಗದ್ದಕ್ಕೆ’. ಮೀನು ಇಲ್ಲಿ ಒಂದು ಪ್ರಯೋಗದ ಸಾಮಗ್ರಿ, ನಾರಣಪ್ಪ ಆ ಪ್ರಯೋಗವನ್ನು ಬಯಲಿನಲ್ಲಿ ನಡೆಸಿದ. ಮೇಳಿಗೆಯ ಹುಂಜದ ಅಂಕ ಮಾತ್ರ ಸ್ಲೈಡಿನ ಸಮಚಿಹ್ನೆಗೆ ಸ್ವಲ್ಪ ಹತ್ತಿರ ಬರುತ್ತದೆ. ಕಾಲಿಗೆ ಕತ್ತಿ ಕಟ್ಟಿಸಿಕೊಂಡ ಹುಂಜಗಳು ಹಾರಿ ಹಾರಿ ಕಡಿದುಕೊಳ್ಳುವುದನ್ನು ಕಂಡು ಪ್ರಾಣೇಶಾಚಾರ್ಯರು ಯಾವುದೋ ಪೈಶಾಚಿಕ ಲೋಕಕ್ಕೆ ಬಿದ್ದಂತಾಗುತ್ತಾರೆ. ಅಲ್ಲಿಯೂ ಆಚಾರ್ಯರ ಪಕ್ಕದಲ್ಲಿ ದಾರಿಯಲ್ಲಿ ಜೊತೆಯಾದ ಪುಟ್ಟನಿದ್ದಾನೆ. ಪುಟ್ಟನಿಗೆ ಅದು ಹುಂಜ, ಪಂದ್ಯ, ಪಣ, ಜಾತ್ರೆಯ ಖುಷಿ. ಒಂದೇ ಹುಂಜವನ್ನು ಇಬ್ಬರು ನೋಡುತ್ತಿದ್ದಾರೆ, ಪೈಶಾಚಿಕತೆ ಕಂಡದ್ದು ಒಬ್ಬರಿಗೆ ಮಾತ್ರ. ಅನಂತಮೂರ್ತಿ ಹುಟ್ಟಿದ್ದು ಇದೇ ಮೇಳಿಗೆಯಲ್ಲಿ. ಅವರಿಗೆ ಎರಡೂ ಕಣ್ಣಿನ ಪರಿಚಯವಿತ್ತು.

ಚೋಮನ ಎತ್ತುಗಳಿಗೆ ಬರುವ ಹೊತ್ತಿಗೆ ಹಣದ ಮಾತು ಆಡಬೇಕಾಗುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಒಡೆಯ ಸಂಕಪ್ಪಯ್ಯನ ಹೊಲದಲ್ಲಿ ದುಡಿಯುವ ಚೋಮನಿಗೆ ತಾನೂ ಒಂದು ತುಂಡು ಗದ್ದೆ ಗೇಣಿಗೆ ಪಡೆದು ಬೇಸಾಯ ಮಾಡಬೇಕೆಂಬ ಆಸೆ. ಅವನು ಹುಟ್ಟಿದ ಜಾತಿಗೆ ಆ ಹಕ್ಕಿಲ್ಲ. ಆದರೆ ಅವನ ಬಳಿ ಸಾಕಿ ಬೆಳೆಸಿದ ಜೋಡಿ ಎತ್ತುಗಳಿವೆ. ಈ ಎತ್ತುಗಳು ‘ಚೋಮನ ಕನಸಿನ ಸಂಕೇತ’ ಎಂದು ಗೈಡುಗಳು ಹೇಳುತ್ತವೆ. ಸರಿಯೇ. ಆದರೆ ಕನಸಿಗೆ ಹುಲ್ಲು ಹಾಕಬೇಕಿಲ್ಲ.

ಎತ್ತಿಗೆ ಹಾಕಬೇಕು. ಉಳುವ ಎತ್ತು ದುಡಿದು ತಿನ್ನುತ್ತದೆ, ಉಳದ ಎತ್ತು ಬರೀ ತಿನ್ನುತ್ತದೆ. ಚೋಮನ ತಲೆಯ ಮೇಲೆ ಕಾಫಿ ತೋಟದ ಸಾಲವಿದೆ. ಆ ಸಾಲಕ್ಕೆ ಇಬ್ಬರು ಗಂಡುಮಕ್ಕಳನ್ನು ತೋಟದ ಕೂಲಿಗೆ ಕಳಿಸುತ್ತಾನೆ. ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಉಳಿಯುತ್ತಾನೆ. ಮಗಳು ಬೆಳ್ಳಿ ತೋಟಕ್ಕೆ ಹೋಗಿ ಮೈಯನ್ನೇ ತೆತ್ತು ಬರುತ್ತಾಳೆ. ಇಷ್ಟೆಲ್ಲ ಆಗುವಾಗಲೂ ಮಾರಿದರೆ ಕಾಸಾಗುವ ಎತ್ತುಗಳು ಮನೆಯ ಮುಂದೆಯೇ ಕಟ್ಟಿವೆ. ಕಾರಂತರು ಈ ಲೆಕ್ಕವನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ, ಓದುಗ ತಾನೇ ಕೂಡಿಸಿ ಕಳೆಯಬೇಕು. ಹಾಗೆ ಲೆಕ್ಕ ಹಾಕಿದವನಿಗೆ ಚೋಮನ ಮೇಲೆ ಮರುಕದ ಜೊತೆಗೆ ಒಂದು ಭಯವೂ ಹುಟ್ಟುತ್ತದೆ. ಒಬ್ಬ ಮನುಷ್ಯನನ್ನು ರೈತನಾಗಲು ಬಿಡದ ವ್ಯವಸ್ಥೆ ಅವನನ್ನು ಯಾವ ತಕ್ಕಡಿಯ ಮುಂದೆ ನಿಲ್ಲಿಸಿದೆ ಎಂಬ ಭಯ. ಕೊನೆಯಲ್ಲಿ ಚೋಮ ಎತ್ತುಗಳನ್ನು ಕಾಡಿನ ಕಡೆಗೆ ಅಟ್ಟಿ, ನೇಗಿಲು ಮುರಿದು ಸುಟ್ಟು, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ. ಕನಸು ಬಿಟ್ಟನೆಂದರೆ ಅರ್ಧ ಹೇಳಿದಂತಾಯಿತು. ಅಟ್ಟಿದ್ದು ಆ ಮನೆಯ ಏಕೈಕ ಬಂಡವಾಳವನ್ನು, ಮಕ್ಕಳ ಬೆಲೆಗೆ ಉಳಿಸಿಕೊಂಡ ಬಂಡವಾಳವನ್ನು. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಚಿತ್ರ ಮಾಡಿದಾಗ ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲವೂ, ಚೋಮನಾದ ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂದವು. ತರಗತಿಯಲ್ಲಿ ಆ ಚಿತ್ರವನ್ನು ತೋರಿಸಿದರೆ, ನಟನ ಮುಖದಿಂದ ಒಮ್ಮೆ ಕಣ್ಣು ಕಿತ್ತು ಎತ್ತುಗಳನ್ನು ಮಾತ್ರ ನೋಡಿ ಎಂದು ಮಕ್ಕಳಿಗೆ ಹೇಳುವುದು ಒಳ್ಳೆಯದು.

ನಾಯಿಯೊಂದನ್ನು ಕನ್ನಡ ಕಾದಂಬರಿ ಪೂರ್ತಿ ಪಾತ್ರವಾಗಿ ಬೆಳೆಸಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ. 1967ರಲ್ಲಿ ಪ್ರಕಟವಾದ ಈ ಬೃಹತ್ ಕೃತಿಯಲ್ಲಿ ಗುತ್ತಿಯ ನಾಯಿ ಹುಲಿಯ ಮೊದಲ ಪುಟಗಳಿಂದಲೇ ಹೆಜ್ಜೆ ಹಾಕುತ್ತದೆ. ಗುತ್ತಿಯನ್ನು ಜನ ನಾಯಿಗುತ್ತಿ ಎಂದೇ ಕರೆಯುತ್ತಾರೆ. ಸಿಂಬಾವಿ ಹೆಗ್ಗಡೆಯ ಜೀತದಾಳು ಅವನು. ದೇಹದ ಮೇಲೂ ಹೊತ್ತಿನ ಮೇಲೂ ತನಗೆ ಹಕ್ಕಿಲ್ಲದ ಆ ಮನುಷ್ಯನ ಕರೆಗೆ ಓಗೊಡುವ ಜೀವವೆಂದರೆ ಹುಲಿಯ. ನಿಷ್ಠೆ ಎಂದು ಇದನ್ನು ಕರೆದರೆ ಹೆಗ್ಗಡೆಗಳು ತಮ್ಮ ಆಳುಗಳಿಂದ ಬಯಸುವ ನಿಷ್ಠೆಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆ ವ್ಯತ್ಯಾಸದ ಮೇಲೆಯೇ ಕಾದಂಬರಿ ನಿಂತಿದೆ. ಹುಲಿಯನನ್ನು ಯಾರೂ ಜೀತಕ್ಕೆ ಬರೆಸಿಕೊಂಡಿಲ್ಲ.

ಯಾವ ಜೀವವೂ ಈ ಲೋಕದಲ್ಲಿ ಕ್ಷುಲ್ಲಕವಲ್ಲ ಎಂಬ ಮಾತನ್ನು ಕುವೆಂಪು ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟಿದ್ದಾರೆ. ಅದು ಬರೀ ಘೋಷಣೆಯಾಗಿ ಉಳಿದಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. ನಾಯಿಗೆ ಅವರು ಕೊಟ್ಟ ಪುಟಗಳು, ಅದರ ಓಟ, ಮೂಸುವಿಕೆ, ಗೊಂದಲ, ಗಾಯ ಎಲ್ಲದಕ್ಕೂ ಮೀಸಲಿಟ್ಟ ಗಮನ ಆ ಮಾತನ್ನು ಪಾಲಿಸಿ ತೋರಿಸುತ್ತವೆ. ಮಳೆಗಾಲದ ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವ ಭಾಗ ಓದಿ ಕಣ್ಣೊರೆಸಿಕೊಂಡವರು ಕನ್ನಡನಾಡಿನಲ್ಲಿ ಬಹಳ ಜನ. ಸಂಕೇತಕ್ಕಾಗಿ ಯಾರೂ ಅಳುವುದಿಲ್ಲ. ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಈ ಕಾದಂಬರಿಯನ್ನು ಇಡೀ ರಾತ್ರಿಯ ನಾಟಕವಾಗಿ ಆಡಿತು. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಪ್ರಯೋಗಗಳು ನಡೆದವು. ಅಲ್ಲಿಯೂ ಗುತ್ತಿಯೊಂದಿಗೆ ಹುಲಿಯ ಇರಲೇಬೇಕಾಯಿತು.

ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ಯನ್ನು ಇಲ್ಲಿ ಬೇಗ ದಾಟಬಹುದು, ಅದು ಕಡಿಮೆಯದೆಂದಲ್ಲ. 1968ರ ಆ ಕಾದಂಬರಿಯಲ್ಲಿ ಸೆಮಿನಾರಿನ ಕೆಲಸವನ್ನು ಪಾತ್ರಗಳೇ ಮಾಡಿಬಿಡುತ್ತವೆ. ಪುಣ್ಯಕೋಟಿಯ ಹಾಡಿನ ನೆರಳಿನಲ್ಲಿ ಬೆಳೆದ ಹಳ್ಳಿ, ಅಮೆರಿಕದಲ್ಲಿ ಕೃಷಿ ಓದಿ ಬಂದ ಕಾಳಿಂಗ, ಅವನ ಹೆಂಡತಿ ಹಿಲ್ಡಾ. ಹಸು ದೇವರೋ, ತಾಯಿಯೋ, ಆಸ್ತಿಯೋ, ಆಹಾರವೋ ಎಂದು ಅವರವರೇ ಜಗಳವಾಡುತ್ತಾರೆ. ಹಾಗಾಗಿ ‘ಹಸು ಯಾವುದರ ಸಂಕೇತ’ ಎಂಬ ಪ್ರಶ್ನೆಗೆ ಒಂದು ಉತ್ತರ ಬರೆದ ವಿದ್ಯಾರ್ಥಿ ಕಾದಂಬರಿಯ ಒಂದು ಪಕ್ಷದ ವಕೀಲನಾಗುತ್ತಾನೆ. ಯಾವ ಪಾತ್ರಕ್ಕೆ ಹಸು ಏನು, ಏಕೆ ಎಂದು ಬರೆದವನು ಓದುಗನಾಗುತ್ತಾನೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರದು. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ಬಿರ್ಯಾನಿ ಕರಿಯಪ್ಪ, ನಿರೂಪಕ, ಅವನ ನಾಯಿ ಕಿವಿ, ಎಲ್ಲರೂ ಕಾಡು ಹೊಕ್ಕು ಹಾರುವ ಓತಿಯನ್ನು ಹುಡುಕುತ್ತಾರೆ. ಕೊನೆಗೆ ಅದು ಕಣ್ಣೆದುರೇ ಕಣಿವೆಯತ್ತ ತೇಲಿ ಹೋಗುತ್ತದೆ. ಕೈಗೆ ಸಿಗದ ಸತ್ಯದ ಸಂಕೇತ ಎಂದು ಇದನ್ನು ಹೇಳುವುದುಂಟು. ಆ ಮಾತಿನಲ್ಲಿ ತಪ್ಪಿಲ್ಲ, ಆದರೆ ಒಂದು ವಿಷಯ ಸೇರಿಸಿದರೆ ಅದಕ್ಕೆ ಬೇರೆಯೇ ಹೊಳಪು ಬರುತ್ತದೆ. ಪಕ್ಕೆಲುಬುಗಳ ಮೇಲೆ ಚರ್ಮ ಬಿಡಿಸಿ ಮರದಿಂದ ಮರಕ್ಕೆ ತೇಲುವ ಈ ಓತಿ ಪಶ್ಚಿಮ ಘಟ್ಟದ ಅಡಕೆ ತೋಟಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಇರುವೆ ತಿನ್ನುತ್ತದೆ, ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಇಳಿಯುತ್ತದೆ, ತೊಗಟೆಯ ಬಣ್ಣದಲ್ಲಿ ಬೆರೆತು ಕೂರುತ್ತದೆ. ಅದರ ಕೆಳಗೆ ದಿನವೂ ಓಡಾಡುವ ತೋಟದವರಿಗೆ ಅದು ಇದೆಯೆಂದೇ ಗೊತ್ತಿಲ್ಲದಿರಬಹುದು. ಕಾದಂಬರಿಯಲ್ಲೂ ಅದನ್ನು ಮೊದಲು ಕಂಡವನು ಊರು ಹೆಡ್ಡನೆಂದು ತಳ್ಳಿದ ಮಂದಣ್ಣ. ಕರ್ವಾಲೊ ಅವನನ್ನು ಗೌರವಿಸುವುದು ಆ ಕಣ್ಣಿಗಾಗಿ. ತೇಜಸ್ವಿ ಸ್ವತಃ ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ತಿರುಗಿದವರು, ಅವುಗಳ ಬಗ್ಗೆ ಪುಸ್ತಕ ಬರೆದವರು. ಓತಿಯನ್ನು ಅವರು ಅಮೂರ್ತ ಸತ್ಯಕ್ಕೆ ಗುತ್ತಿಗೆ ಕೊಟ್ಟಿರಲಾರರು.

ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಎರಡು ಹಕ್ಕಿಗಳಿವೆ. ಒಂದು ಸಾಕವ್ವನ ಕಳೆದುಹೋದ ಹುಂಜ, ಇನ್ನೊಂದು ಪುಟ್ಟಗೌರಿ ಗೋಡೆಯ ಮೇಲೆ ಬಿಡಿಸುವ ನವಿಲು. ಬರೆದ ಚಿತ್ರವಾದ್ದರಿಂದ ನವಿಲಿಗೆ ಅರ್ಥ ಹಚ್ಚುವುದು ಸುಲಭ. ಹಸಿದ ಗುಡಿಸಲಿನಲ್ಲಿ ಬಣ್ಣದ ಹಂಬಲ, ಕಲೆ, ಬಿಡುಗಡೆ. ಹುಂಜಕ್ಕೆ ಹಾಗೆ ಹಚ್ಚಲಾಗುವುದಿಲ್ಲ, ಏಕೆಂದರೆ ಸಾಕವ್ವ ಅದನ್ನು ಹುಡುಕುತ್ತಿದ್ದಾಳೆ. ಅವಳ ಪಾಲಿಗೆ ಅದು ಸೊತ್ತು, ನಾಳೆಯ ಸಾರು, ಹಬ್ಬದ ದಿನದ ಮಾನ. ಕೂಗಿ ಕರೆದರೂ ಬಾರದ ಹುಂಜದ ಹಿಂದೆ ಅಲೆಯುವ ಮುದುಕಿಯ ಕಾಲಿನ ಜೊತೆ ಓದುಗನೂ ಕೇರಿ ಸುತ್ತುತ್ತಾನೆ, ಸುತ್ತುವಾಗ ಆ ಕೇರಿಯ ಪೂರ್ತಿ ಪರಿಚಯವಾಗುತ್ತದೆ. ತರಗತಿಯ ಚರ್ಚೆ ನವಿಲಿಗೆ ಕೊಟ್ಟಷ್ಟು ಹೊತ್ತನ್ನು ಈ ಹುಂಜಕ್ಕೂ ಕೊಡಬೇಕು. ಜನ್ನನ ಅರಮನೆಯ ಹಿಟ್ಟಿನ ಕೋಳಿ, ಮೇಳಿಗೆಯಲ್ಲಿ ಕತ್ತಿ ಕಟ್ಟಿಸಿಕೊಂಡ ಹುಂಜ, ಸಾಕವ್ವನ ಕಾಣೆಯಾದ ಹುಂಜ ಈ ಮೂರನ್ನೇ ಇಟ್ಟುಕೊಂಡು ಎಂಟು ಶತಮಾನಗಳ ಕನ್ನಡದಲ್ಲಿ ಒಂದು ಸೆಮಿನಾರ್ ಮಾಡಬಹುದು. ಯಾರಾದರೂ ಮಾಡಬೇಕು.

ಕನ್ನಡದಾಚೆಗೂ ದೊಡ್ಡ ಬರಹಗಾರರು ಪ್ರಾಣಿಯ ಬಗ್ಗೆ ಇದೇ ಎಚ್ಚರ ಇಟ್ಟುಕೊಂಡಿದ್ದರು. ಹರ್ಮನ್ ಮೆಲ್ವಿಲ್ 1851ರಲ್ಲಿ ‘ಮೋಬಿ ಡಿಕ್’ ಬರೆದಾಗ ತಿಮಿಂಗಿಲಗಳ ಜಾತಿ, ಅಸ್ಥಿಪಂಜರ, ಕೊಬ್ಬು, ಎಣ್ಣೆ ತೆಗೆಯುವ ಬಗೆ ಎಂದು ಅಧ್ಯಾಯದ ಮೇಲೆ ಅಧ್ಯಾಯ ಬರೆದ. ಅವಸರದ ಓದುಗರು ಅವನ್ನು ಹಾರಿಸಿ ಓದುತ್ತಾರೆ. ಆ ತೂಕವಿಲ್ಲದಿದ್ದರೆ ಬಿಳಿ ತಿಮಿಂಗಿಲದ ಮೇಲೆ ಯಾವ ಅರ್ಥವೂ ನಿಲ್ಲುತ್ತಿರಲಿಲ್ಲ. ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಬೇರೆ ಜಾತಿಯ ಪುಸ್ತಕ. 1945ರ ಆ ಕಥೆಯಲ್ಲಿ ಹಂದಿಗಳು ರಷ್ಯಾದ ನಾಯಕರ ವೇಷ ತೊಟ್ಟಿವೆ, ಸಮಚಿಹ್ನೆ ಅಲ್ಲಿ ಸಲ್ಲುತ್ತದೆ. ಶಾಲೆಗಳಲ್ಲಿ ಆರ್ವೆಲ್‌ನನ್ನು ಮೊದಲು ಓದಿದ ಮಕ್ಕಳು ಎಲ್ಲ ಕಾದಂಬರಿಗೂ ಅದೇ ಕೀಲಿಕೈ ಹಾಕುತ್ತಾರೆ. ಬೀಗ ತೆರೆಯದಿದ್ದಾಗ ಬಾಗಿಲನ್ನೇ ಮುರಿಯುತ್ತಾರೆ.

ಹಾಗಾದರೆ ಹತ್ತು ನಿಮಿಷದಲ್ಲಿ ಏನು ಮಾಡಬಹುದು? ಒಂದೇ ಪ್ರಾಣಿಯನ್ನು ಆರಿಸಿಕೊಳ್ಳುವುದು ಮೊದಲ ಕೆಲಸ. ಅದು ಮೊದಲು ಕಾಣಿಸಿಕೊಳ್ಳುವ ಪುಟದಿಂದ ಕೊನೆಯ ಪುಟದವರೆಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಬೇಕು. ಅದನ್ನು ಸಾಕಿದವರಾರು, ಅದಕ್ಕೆ ಏನು ಖರ್ಚು, ಅದು ಯಾರ ಕಣ್ಣಿಗೆ ಬೀಳುತ್ತದೆ, ಯಾರ ಕಣ್ಣಿಗೆ ಬೀಳುವುದಿಲ್ಲ ಎಂದು ಕೇಳಿಕೊಳ್ಳಬೇಕು. ಕಾದಂಬರಿಯೊಳಗೇ ಯಾರಾದರೂ ಅದಕ್ಕೆ ಅರ್ಥ ಹಚ್ಚುತ್ತಿದ್ದರೆ ಅವರನ್ನು ಅನುಮಾನದಿಂದ ನೋಡಬೇಕು. ಆಮೇಲೆ ಪುಸ್ತಕ ಮುಚ್ಚಿ ಆ ಪ್ರಾಣಿಯನ್ನೇ ಹುಡುಕಿಕೊಂಡು ಹೋಗಬೇಕು. ಗೊಟ್ಟಿಗೆರೆಯ ವಿದ್ಯಾರ್ಥಿಗೆ ಈ ವಿಷಯದಲ್ಲಿ ಬೆಂಗಳೂರಿನ ಬಹುಪಾಲು ಮಕ್ಕಳಿಗಿಲ್ಲದ ಅನುಕೂಲವಿದೆ. ಊರ ಕೆರೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳಿವೆ. ಹತ್ತು ಕಿಲೋಮೀಟರಿನ ಒಳಗೆ ಬನ್ನೇರುಘಟ್ಟದ ಕಾಡಿದೆ. ಅಲ್ಲಿಂದ ರಾಗಿ ಕೊಯ್ಲಿನ ಹೊತ್ತಿಗೆ ಆನೇಕಲ್, ಕನಕಪುರದ ಹೊಲಗಳಿಗೆ ಆನೆ ಇಳಿಯುತ್ತದೆ. ಆನೆ ಎಂದರೆ ಗಾಂಭೀರ್ಯ ಎಂದು ಬರೆಯುವ ಮೊದಲು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಪಟಾಕಿ ಹಚ್ಚಿದ ರೈತನನ್ನು ಒಂದು ಮಾತು ಕೇಳಬಹುದು.

ಅಧ್ಯಾಪಕರಿಗೂ ಇಲ್ಲಿ ಒಂದು ಕೆಲಸವಿದೆ. ಸಂಕೇತದ ಪಟ್ಟಿ ಒಪ್ಪಿಸಿದವನಿಗೆ ಪೂರ್ತಿ ಅಂಕ ಕೊಟ್ಟು, ನಾರಣಪ್ಪನ ಜ್ವರದಿಂದ ಹಿಡಿದು ಮೊದಲ ಇಲಿ ಬಿದ್ದ ಪುಟದವರೆಗಿನ ದಿನಗಳನ್ನು ಎಣಿಸಿ ತಂದವನಿಗೆ ವಿಷಯಾಂತರವಾಯಿತೆಂದು ಅಂಕ ಕಳೆದರೆ, ಮುಂದಿನ ವರ್ಷ ಎಲ್ಲರೂ ಪಟ್ಟಿಯನ್ನೇ ತರುತ್ತಾರೆ. ಎಣಿಸಿ ತಂದವನಿಗೆ ಹತ್ತು ನಿಮಿಷ ಸಾಲುವುದಿಲ್ಲ. ಅವನಿಗೆ ಇಪ್ಪತ್ತು ನಿಮಿಷ ಕೊಡಬೇಕು.